ವಾಲಿದ ಪಿಕಪ್‌ಗೆ ಇನ್ನೊಂದು ಪ್ಲೇಟು ಹಾಕಿಸುವ ಮುನ್ನ

ಪ್ರಶ್ನೆ: ನನ್ನ ಪಿಕಪ್‌ಗೆ ಹದಿನೆಂಟು ವರ್ಷ. ಹಿಂದೆ ಕಮಾನ್ ಪ್ಲೇಟು (ಒಂದರ ಮೇಲೊಂದು ಪೇರಿಸಿದ ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್), ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು). ಖಾಲಿ ನಿಂತಾಗ ಹಿಂಬದಿಯ ಎಡಭಾಗ ಬಲಕ್ಕಿಂತ ಎರಡು ಬೆರಳು ತಗ್ಗಾಗಿ ಕಾಣುತ್ತದೆ, ಟೇಪ್ ಹಿಡಿದರೆ 35 ಮಿ.ಮೀ. ಲೋಡ್ ಇಲ್ಲದಾಗ ಸಣ್ಣ ಗುಂಡಿಗೂ ಹಿಂಭಾಗ ಎತ್ತಿ ಕುಕ್ಕುತ್ತದೆ. ಹಿಂದಿನ ಮಾಲೀಕರು ಭಾರ ಹೊರಲೆಂದು ಎರಡೂ ಕಡೆ ಒಂದೊಂದು ಪ್ಲೇಟು ಹೆಚ್ಚಿಗೆ ಹಾಕಿಸಿದ್ದಾರೆ. ನಾನು ಲೋಡ್ ಮಾಡುವುದು ಅಪರೂಪ. ಎಡಕ್ಕೆ ಮಾತ್ರ ಇನ್ನೊಂದು ಪ್ಲೇಟು ಹಾಕಿದರೆ ಸರಿಹೋಗುತ್ತದೆ ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಹಾಕಿಸಬಹುದೇ?

ಉತ್ತರ: ಬೇಡ, ಸದ್ಯಕ್ಕಂತೂ ಬೇಡ. ನಿಮ್ಮ ಗಾಡಿಗೆ ಎರಡು ತೊಂದರೆಗಳಿವೆ. ವಾಲಿರುವುದು ಒಂದು, ಗಡಸಾಗಿರುವುದು ಇನ್ನೊಂದು. ಎಡಕ್ಕೆ ಪ್ಲೇಟು ಹಾಕಿದರೆ ಮೊದಲನೆಯದು ಕಣ್ಣಿಗೆ ಮರೆಯಾಗಬಹುದು, ಎರಡನೆಯದು ಮಾತ್ರ ಖಂಡಿತ ಹೆಚ್ಚುತ್ತದೆ. ಅದೂ ಅಲ್ಲದೆ, ತಪ್ಪು ಎಡಗಡೆಯ ಪ್ಲೇಟಿನದ್ದೇ ಎಂದು ಇನ್ನೂ ಯಾರೂ ತೋರಿಸಿಕೊಟ್ಟಿಲ್ಲ. ಬಲಗಡೆಯದ್ದು ಕೆಳಗಿಳಿಯಲಾಗದೆ ಸಿಕ್ಕಿಕೊಂಡಿರಬಹುದು. ಕಾರಣ ಮುಂದಿನ ಟಾರ್ಷನ್ ಬಾರ್‌ನಲ್ಲಿದ್ದು ಹಿಂದೆ ಕಾಣಿಸಿಕೊಳ್ಳುತ್ತಿರಲೂಬಹುದು. ಈ ಮೂರೂ ಬಗೆಯ ಗಾಡಿಗಳು ನನ್ನ ಕೈಗೆ ಬಂದಿವೆ. ನಿಂತಾಗ ಮೂರೂ ಒಂದೇ ರೀತಿ ಕಾಣುತ್ತವೆ.

ಪ್ಲೇಟು ಯಾಕೆ ಬೇಡ ಎಂಬುದಕ್ಕೆ ಮೊದಲು ಲೆಕ್ಕ ನೋಡಿ. ಪ್ಲೇಟಿನ ಗಡಸುತನ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 7 ಮಿ.ಮೀ. ದಪ್ಪದ ಐದು ಪ್ಲೇಟುಗಳ ಸೆಟ್ ಇದೆ ಎಂದುಕೊಳ್ಳಿ. 7ರ ಘನ 343, ಐದಕ್ಕೆ ಒಟ್ಟು 1715. ಅದಕ್ಕೆ 8 ಮಿ.ಮೀ. ದಪ್ಪದ ಒಂದೇ ಒಂದು ಪ್ಲೇಟು ಸೇರಿಸಿದರೆ ಇನ್ನೊಂದು 512 ಕೂಡುತ್ತದೆ. ಅಂದರೆ ಸೆಟ್ಟು ಸುಮಾರು ಶೇ. 30ರಷ್ಟು ಗಡಸಾಯಿತು. ಇದು ಒಂದೇ ಕಡೆ ಆದರೆ ಏನಾಗುತ್ತದೆ? ಖಾಲಿ ಇರುವಾಗ ಗಾಡಿ ಮಟ್ಟವಾಗಿ ನಿಂತಿರುತ್ತದೆ. ಲೋಡ್ ಹಾಕಿದಾಗ ಬಲಗಡೆ 65 ಮಿ.ಮೀ. ಕುಸಿದರೆ ಎಡಗಡೆ ಕುಸಿಯುವುದು 50 ಮಾತ್ರ. ಈಗ ಗಾಡಿ ಬಲಕ್ಕೆ ವಾಲಿತು. ಆಮೇಲೆ ಬಲಕ್ಕೂ ಒಂದು ಪ್ಲೇಟು ಹಾಕಿ ಎನ್ನುತ್ತಾರೆ. ಎರಡು ಕಡೆಗೂ ಹೀಗೆ ಹಾಕುತ್ತಾ ಹೋಗಿ, ಖಾಲಿ ಗಾಡಿಯಲ್ಲಿ ಕೂತವರ ಬೆನ್ನು ಮುರಿಯುವ ಮಟ್ಟಕ್ಕೆ ತಂದಿಟ್ಟ ಪಿಕಪ್‌ಗಳನ್ನು ಬಿಚ್ಚಿ ಸರಿಮಾಡಿದ್ದೇನೆ. ಲೆಕ್ಕ ಅಂದಾಜಿನದು, ಆದರೆ ದಿಕ್ಕು ಇದೇ.

ಹಾಗಾಗಿ ಸ್ಪ್ಯಾನರ್ ಹಿಡಿಯುವ ಮುಂಚೆ ಒಂದು ಟೇಪು, ಚಾಕ್‌ಪೀಸು, ನೋಟ್‌ಬುಕ್ಕು ತೆಗೆದುಕೊಳ್ಳಿ. ಗಾಡಿ ಸಮತಟ್ಟಾದ ಕಾಂಕ್ರೀಟ್ ನೆಲದ ಮೇಲೆ ನಿಲ್ಲಲಿ. ನಾಲ್ಕೂ ಟೈರಿನ ಗಾಳಿ ಸರಿಮಾಡಿ. ಖಾಲಿ ಓಡಿಸುವಾಗಲೂ ಪೂರ್ತಿ ಲೋಡಿನ ಗಾಳಿ ತುಂಬಿಟ್ಟಿದ್ದರೆ ಕುಕ್ಕುವುದರಲ್ಲಿ ಒಂದು ಪಾಲು ಅಲ್ಲಿಂದಲೇ ಬರುತ್ತಿರುತ್ತದೆ. ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಪಟ್ಟಿಯಲ್ಲೋ ಗಾಡಿಯ ಪುಸ್ತಕದಲ್ಲೋ ಎಷ್ಟು ಬೇಕೆಂದು ಬರೆದಿರುತ್ತದೆ. ಹಿಂದಿನ ಎರಡು ಟೈರುಗಳ ಅಳತೆ ಒಂದೇ ಇದೆಯೇ, ಸವೆತ ಒಂದೇ ಇದೆಯೇ ಎಂದೂ ನೋಡಿಬಿಡಿ.

ಅಳೆಯುವುದು ಎಲ್ಲಿಂದ ಎಲ್ಲಿಗೆ ಎಂಬುದು ಮುಖ್ಯ. ಹೆಚ್ಚಿನವರು ನೆಲದಿಂದ ಮಡ್‌ಗಾರ್ಡಿಗೆ ಅಳೆಯುತ್ತಾರೆ. ಪಿಕಪ್‌ನಲ್ಲಿ ಅದು ದಾರಿ ತಪ್ಪಿಸುತ್ತದೆ. ಕ್ಯಾಬಿನ್ ಬೇರೆ, ಹಿಂದಿನ ಬಾಡಿ ಬೇರೆ, ಎರಡೂ ಚಾಸಿಯ ಮೇಲೆ ಬೋಲ್ಟಿನಲ್ಲಿ ಕೂತಿರುತ್ತವೆ. ಅವುಗಳ ಕೆಳಗಿನ ರಬ್ಬರು ಒಂದು ಕಡೆ ಚಪ್ಪಟೆಯಾಗಿದ್ದರೂ, ಬಾಡಿಯ ಬ್ರಾಕೆಟ್ ತುಕ್ಕು ತಿಂದು ಕುಸಿದಿದ್ದರೂ ಬಾಡಿ ವಾಲುತ್ತದೆ, ಚಾಸಿ ಮಟ್ಟವಾಗಿಯೇ ಇರುತ್ತದೆ. ಅಂಥ ಗಾಡಿಗೆ ಪ್ಲೇಟು ಬದಲಿಸಿ ಏನು ಪ್ರಯೋಜನ? ಅದಕ್ಕೇ ಎರಡು ಅಳತೆ ಬರೆದುಕೊಳ್ಳಿ. ಒಂದು, ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ. ಇನ್ನೊಂದು, ಆಕ್ಸಲ್ ಕೊಳವೆಯ ಮೇಲಿನಿಂದ ಅದರ ನೇರ ಮೇಲಿರುವ ಚಾಸಿಯ ತಳಕ್ಕೆ. ಎರಡನೆಯದರಲ್ಲಿ ವ್ಯತ್ಯಾಸ ಇಲ್ಲದೆ ಮೊದಲನೆಯದರಲ್ಲಿ ಮಾತ್ರ ಇದ್ದರೆ ಸಸ್ಪೆನ್ಷನ್ನಿನ ತಂಟೆಗೆ ಹೋಗಬೇಡಿ, ಬಾಡಿ ರಬ್ಬರುಗಳನ್ನು ನೋಡಿ. ಪೆಟ್ರೋಲ್ ಅಥವಾ ಡೀಸೆಲ್ ಟ್ಯಾಂಕು, ಬ್ಯಾಟರಿ, ಡ್ರೈವರ್ ಎಲ್ಲ ಒಂದೇ ಕಡೆ ಬರುವ ಗಾಡಿಗಳಲ್ಲಿ ಆ ಬದಿ ಸ್ವಲ್ಪ ತಗ್ಗುವುದು ಸಹಜ. 10-12 ಮಿ.ಮೀ. ಒಳಗಿನ ವ್ಯತ್ಯಾಸಕ್ಕೆ ನಾನು ಕೈ ಹಾಕುವುದಿಲ್ಲ. ನಿಮ್ಮ 35 ಹಾಗಲ್ಲ, ಅದಕ್ಕೆ ಕಾರಣ ಹುಡುಕಲೇಬೇಕು.

ತಪ್ಪು ಮುಂದಿನದ್ದೋ ಹಿಂದಿನದ್ದೋ? ಚಾಸಿ ಗಟ್ಟಿಯಾದ ಚೌಕಟ್ಟು. ಮುಂದೆ ಒಂದು ಕಡೆ ಕುಸಿದರೆ ಹಿಂದೆಯೂ ಅದರ ನೆರಳು ಬೀಳುತ್ತದೆ. ಬೇರ್ಪಡಿಸಿ ನೋಡಲು ಒಂದು ಉಪಾಯವಿದೆ. ಹಿಂದಿನ ಚಕ್ರಗಳಿಗೆ ಮುಂದೆ ಹಿಂದೆ ಎರಡೂ ಕಡೆ ಅಡ್ಡ ಕೊಟ್ಟು, ಮುಂದಿನ ಕ್ರಾಸ್‌ಮೆಂಬರಿನ (ಚಾಸಿಯ ಎರಡು ಬದಿಗಳನ್ನು ಸೇರಿಸುವ ಅಡ್ಡತೊಲೆಯ) ಸರಿಯಾದ ನಡುವೆ ಜಾಕ್ ಇಟ್ಟು, ಮುಂದಿನ ಟೈರುಗಳು ನೆಲ ಬಿಡುವಷ್ಟು ಮಾತ್ರ ಎತ್ತಿ. ಈಗ ಮುಂಭಾಗ ಒಂದೇ ಬಿಂದುವಿನ ಮೇಲೆ ನಿಂತಿದೆ, ಅದಕ್ಕೆ ಗಾಡಿಯನ್ನು ಯಾವ ಕಡೆಗೂ ವಾಲಿಸುವ ಶಕ್ತಿ ಇಲ್ಲ. ಹಿಂದಿನ ಅಳತೆ ತೆಗೆಯಿರಿ. 35 ಹಾಗೇ ಉಳಿದಿದ್ದರೆ ತಪ್ಪು ಹಿಂದಿನದ್ದೇ. ಬಹುಪಾಲು ಮಾಯವಾಗಿದ್ದರೆ ಇಷ್ಟು ದಿನ ಮುಂದಿನ ಟಾರ್ಷನ್ ಬಾರ್ ಹಿಂಭಾಗವನ್ನು ವಾಲಿಸುತ್ತಿತ್ತು ಎಂದರ್ಥ. ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ತಲೆಯನ್ನಾಗಲಿ ಕೈಯನ್ನಾಗಲಿ ಹಾಕಬೇಡಿ. ಅಳತೆಯನ್ನು ಪಕ್ಕದಲ್ಲಿ ನಿಂತೇ ತೆಗೆಯಬಹುದು.

ಮುಂದಿನದ್ದೆಂದು ಗೊತ್ತಾದರೆ ಕೆಲಸ ಹಗುರ. ಟಾರ್ಷನ್ ಬಾರಿನ ಹಿಂತುದಿಯಲ್ಲಿರುವ ಹೊಂದಾಣಿಕೆ ಬೋಲ್ಟನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ಪ್ರತಿ ಸಲವೂ ಗಾಡಿಯನ್ನು ಒಂದಿಷ್ಟು ಮುಂದೆ ಹಿಂದೆ ಓಡಿಸಿ ನೆಲೆಗೊಳಿಸಿ ಅಳೆಯಬೇಕು. ಅದನ್ನು ಬಿಗಿ ಮಾಡಿದರೆ ಎತ್ತರ ಏರುತ್ತದೆ, ಬಾರಿನ ಗಡಸುತನ ಏರುವುದಿಲ್ಲ. ಆದರೆ ಅತಿಯಾಗಿ ಎತ್ತಿದರೆ ಚಕ್ರ ಕೆಳಗೆ ಇಳಿಯಲು ಜಾಗ ಉಳಿಯದೆ ಮುಂಭಾಗವೂ ಬಡಿಯತೊಡಗುತ್ತದೆ. ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸುವುದನ್ನು ಮರೆಯಬಾರದು.

ನೀವು ಬರೆದ ಲಕ್ಷಣ ನೋಡಿದರೆ ತಪ್ಪು ಹಿಂದೆಯೇ ಇದೆ ಎಂದು ನನಗನ್ನಿಸುತ್ತದೆ, ಜೊತೆಗೆ ಗಡಸುತನವೂ ಇರುವುದರಿಂದ. ಇಲ್ಲಿ ಇನ್ನೊಂದು ಪರೀಕ್ಷೆ ಮಾಡಿ. ಇದಕ್ಕೆ ಉಪಕರಣವೇ ಬೇಡ, ನನ್ನ ಮಟ್ಟಿಗೆ ಹಳೆಯ ಪ್ಲೇಟು ಸೆಟ್ಟಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಇಬ್ಬರು ಹಿಂದಿನ ಬಂಪರನ್ನು ಕೈಯಲ್ಲಿ ಮೇಲಕ್ಕೆತ್ತಿ ನಿಧಾನವಾಗಿ ಬಿಡಿ, ಧೊಪ್ಪನೆ ಬಿಡಬೇಡಿ. ಗಾಡಿ ನಿಂತಲ್ಲಿ ಅಳತೆ ತೆಗೆಯಿರಿ. ಆಮೇಲೆ ಬಂಪರಿನ ಮೇಲೆ ಭಾರ ಬಿಟ್ಟು ಕೆಳಗೊತ್ತಿ, ಮತ್ತೆ ನಿಧಾನವಾಗಿ ಬಿಟ್ಟು ಅಳೆಯಿರಿ. ಚೆನ್ನಾಗಿರುವ ಸೆಟ್ ಎರಡು ಸಲವೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತದೆ. ವ್ಯತ್ಯಾಸ ಬಂದಷ್ಟೂ ಎಲ್ಲೋ ಘರ್ಷಣೆ ಹಿಡಿದುಕೊಂಡಿದೆ. ಒಂದು ಗಾಡಿಯಲ್ಲಿ ನನಗೆ 22 ಮಿ.ಮೀ. ಸಿಕ್ಕಿತ್ತು. ಆ ಗಾಡಿಯವರು ಬೆಳಿಗ್ಗೆ ಅಳೆದರೆ ಒಂದು, ಸಂಜೆ ಅಳೆದರೆ ಇನ್ನೊಂದು ಎಂದು ಹೇಳುತ್ತಿದ್ದರು, ಅವರು ಹೇಳಿದ್ದು ನಿಜವೇ ಆಗಿತ್ತು. ಎಲ್ಲಿ ನಿಲ್ಲಿಸಿದರೋ ಅಲ್ಲೇ ಪ್ಲೇಟುಗಳು ಕಚ್ಚಿಕೊಂಡು ಕೂರುತ್ತಿದ್ದವು.

ಇದನ್ನು ಅರ್ಥ ಮಾಡಿಕೊಂಡರೆ ನಿಮ್ಮ ಗಾಡಿ ಯಾಕೆ ಕುಕ್ಕುತ್ತದೆ ಎಂಬುದೂ ತಿಳಿಯುತ್ತದೆ. ಕಮಾನು ಬಾಗುವಾಗ ಪ್ಲೇಟುಗಳು ಒಂದರ ಮೇಲೊಂದು ಜಾರಬೇಕು. ನಡುವೆ ತುಕ್ಕು ತುಂಬಿದರೆ ಜಾರುವುದು ನಿಲ್ಲುತ್ತದೆ. ದೊಡ್ಡ ಹಳ್ಳ ಬಂದರೆ ಬಲವಂತವಾಗಿ ಜಾರುತ್ತವೆ. ಸಣ್ಣ ಗುಂಡಿಯ ಪೆಟ್ಟು ಸಾಲದು, ಆಗ ಇಡೀ ಕಟ್ಟು ಒಂದೇ ಕಬ್ಬಿಣದ ತುಂಡಿನಂತೆ ವರ್ತಿಸಿ ಪೆಟ್ಟನ್ನು ನೇರ ಚಾಸಿಗೆ ದಾಟಿಸುತ್ತದೆ. ಸಣ್ಣ ಗುಂಡಿಗೂ ಕುಕ್ಕುತ್ತದೆ ಎಂದು ನೀವು ಬರೆದಿದ್ದೀರಲ್ಲ, ಆ ಮಾತೇ ನನ್ನ ಗಮನವನ್ನು ಘರ್ಷಣೆಯ ಕಡೆಗೆ ಎಳೆದದ್ದು. ಕತ್ತು ಬಗ್ಗಿಸಿ ಪ್ಲೇಟುಗಳ ಅಂಚನ್ನು ನೋಡಿ. ಜಾರುತ್ತಿರುವ ಪ್ಲೇಟಿನ ತುದಿಯ ಹತ್ತಿರ ಉಜ್ಜಿ ಹೊಳೆಯುವ ಗೆರೆ ಇರುತ್ತದೆ. ಕಚ್ಚಿಕೊಂಡಿರುವಲ್ಲಿ ಅದು ಇರುವುದಿಲ್ಲ, ಬದಲಿಗೆ ಸಂದಿಯಿಂದ ಇಟ್ಟಿಗೆ ಬಣ್ಣದ ಪುಡಿ ಇಳಿದು ಕೆಳಗಿನ ಪ್ಲೇಟಿನ ಮೇಲೆ ಗೆರೆ ಕಟ್ಟಿರುತ್ತದೆ. ತುದಿಗಳ ನಡುವೆ ಕೂರಿಸಿದ ಪ್ಲಾಸ್ಟಿಕ್ ಬಿಲ್ಲೆಗಳು ಸವೆದು ಬಿದ್ದಿದ್ದರೆ ಕಬ್ಬಿಣಕ್ಕೆ ಕಬ್ಬಿಣವೇ ಉಜ್ಜಿ, ಮೇಲಿನ ಪ್ಲೇಟಿನ ತಳದಲ್ಲಿ ಉಗುರಿಗೆ ಸಿಗುವಷ್ಟು ಹಳ್ಳ ಬಿದ್ದಿರುತ್ತದೆ. ಸಂದಿಗೆ ಅಡ್ಡಲಾಗಿ ಚಾಕ್‌ಪೀಸಿನಲ್ಲಿ ಗೆರೆ ಎಳೆದು ಒಬ್ಬರನ್ನು ಬಂಪರ್ ಮೇಲೆ ಕುಣಿಸಿದರೆ ಗೆರೆ ತುಂಡಾಗುತ್ತದೆಯೋ ಇಲ್ಲವೋ ನೀವೇ ಕಾಣುತ್ತೀರಿ. ಎಡದಲ್ಲಿ ತುಂಡಾಗಿ ಬಲದಲ್ಲಿ ಹಾಗೇ ಉಳಿದರೆ, ಎಡ ಕುಸಿದಿದೆ ಎಂದುಕೊಂಡಿದ್ದ ನಾವು ಬಲಗಡೆಯನ್ನು ವಿಚಾರಿಸಬೇಕಾಗುತ್ತದೆ.

ಶ್ಯಾಕಲ್ ಮತ್ತು ಬುಷ್ಷುಗಳ ವಿಷಯ ಇನ್ನೂ ಹೆಚ್ಚು ಜನರಿಗೆ ಗೊತ್ತಿಲ್ಲ. ಕಮಾನಿನ ಮುಂದಿನ ಕಣ್ಣು, ಅಂದರೆ ತುದಿಯ ಸುರುಳಿ, ಚಾಸಿಗೆ ಪಿನ್ನಿನಲ್ಲಿ ನಿಂತಿರುತ್ತದೆ, ಹಿಂದಿನದು ಶ್ಯಾಕಲ್ ಎಂಬ ಅಲ್ಲಾಡುವ ಸಣ್ಣ ಕೊಂಡಿಯ ಮೂಲಕ ತೂಗುತ್ತದೆ. ಲೋಡ್ ಬಿದ್ದಾಗ ಕಮಾನು ಚಪ್ಪಟೆಯಾಗಿ ಉದ್ದವಾಗುತ್ತದೆ, ಶ್ಯಾಕಲ್ ಹಿಂದಕ್ಕೆ ವಾಲಿ ಅದಕ್ಕೆ ಜಾಗ ಕೊಡುತ್ತದೆ. ಶ್ಯಾಕಲ್ ಪಿನ್ನು ತುಕ್ಕು ಹಿಡಿದು ನಿಂತುಹೋದರೆ ಕಮಾನಿಗೆ ಉದ್ದವಾಗಲು ಜಾಗವಿಲ್ಲ, ಆ ಬದಿ ಎತ್ತರವೂ ಆಗಿ ಗಡಸೂ ಆಗಿ ಉಳಿಯುತ್ತದೆ. ಇನ್ನೊಂದು ತಪ್ಪು ಗ್ಯಾರೇಜುಗಳಲ್ಲೇ ಆಗುತ್ತದೆ. ಗಾಡಿಯನ್ನು ಎತ್ತಿ, ಆಕ್ಸಲ್ ತೂಗಾಡುತ್ತಿರುವಾಗಲೇ ಬುಷ್ ಬೋಲ್ಟುಗಳನ್ನು ಪೂರ್ತಿ ಬಿಗಿ ಮಾಡುತ್ತಾರೆ. ಕಣ್ಣಿನೊಳಗೆ ಬೋಲ್ಟಿನ ಸುತ್ತ ಕೂತಿರುವ ರಬ್ಬರ್ ಬುಷ್ಷು ಜಾರುವುದಿಲ್ಲ, ತಿರುಚಿಕೊಂಡು ಕೆಲಸ ಮಾಡುತ್ತದೆ. ತೂಗಾಡುವ ಸ್ಥಿತಿಯಲ್ಲಿ ಬಿಗಿದರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದ ಅದು ಸದಾ ತಿರುಚಿಕೊಂಡೇ ಇರುತ್ತದೆ, ಆಕ್ಸಲನ್ನು ಮತ್ತೆ ಕೆಳಕ್ಕೆ ನೂಕುತ್ತಲೇ ಇರುತ್ತದೆ. ಬೇಗನೆ ಹರಿಯುತ್ತದೆ ಕೂಡ.

ಇದನ್ನು ಪರೀಕ್ಷಿಸಲು ಖರ್ಚಿಲ್ಲ. ಗಾಡಿ ನಾಲ್ಕೂ ಚಕ್ರದ ಮೇಲೆ ನೆಲದಲ್ಲಿ ನಿಂತಿರುವಾಗಲೇ ಎರಡೂ ಕಡೆಯ ಮುಂದಿನ ಕಣ್ಣಿನ ಬೋಲ್ಟು ಮತ್ತು ಶ್ಯಾಕಲ್ ಬೋಲ್ಟುಗಳ ನಟ್ಟನ್ನು ಎರಡೆರಡು ಸುತ್ತು ಸಡಿಲ ಮಾಡಿ, ತೆಗೆಯಬೇಡಿ. ಬಂಪರನ್ನು ನಾಲ್ಕಾರು ಸಲ ಜೋರಾಗಿ ಕುಣಿಸಿ. ಮತ್ತೆ ಅಳೆಯಿರಿ. ಬಲಗಡೆ 35ರಲ್ಲಿ 20 ಮಿ.ಮೀ. ತಾನಾಗಿಯೇ ಇಳಿದು ಕೂತ ಪಿಕಪ್ಪೊಂದನ್ನು ನಾನು ನೋಡಿದ್ದೇನೆ. ಅದರ ಮಾಲೀಕರು ಎಡಗಡೆಗೆ ಹೊಸ ಸೆಟ್ ತಂದಿಟ್ಟುಕೊಂಡಿದ್ದರು. ಅಳತೆ ಸರಿಹೋದರೆ ಅದೇ ಸ್ಥಿತಿಯಲ್ಲಿ, ನೆಲದ ಮೇಲೆಯೇ, ಪುಸ್ತಕದಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ಸ್ಪ್ಯಾನರಿನಲ್ಲಿ ಬಿಗಿಮಾಡಿ.

ಇನ್ನು ಶಾಕ್ ಅಬ್ಸಾರ್ಬರು. ಎರಡರ ಕೆಳಗಿನ ಬೋಲ್ಟನ್ನೂ ಬಿಚ್ಚಿ ಕೈಯಿಂದ ಎಳೆದು ಒತ್ತಿ ನೋಡಿ. ಒಂದು ಬದಿಯದು ಅಲುಗದೆ ನಿಂತಿದ್ದರೆ ಬದಲಿಸಿ, ಬದಲಿಸುವಾಗ ಜೋಡಿಯಾಗಿಯೇ ಬದಲಿಸಿ. ಶಾಕ್ ಬಿಚ್ಚಿಟ್ಟು ಬಂಪರ್ ಕುಣಿಸಿದಾಗಲೂ ಹಿಂಭಾಗ ಮಿಸುಕದಿದ್ದರೆ ಗಡಸುತನ ಪ್ಲೇಟಿನಲ್ಲಿದೆ. ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರನ್ನೂ ಒಮ್ಮೆ ನೋಡಿ. ಖಾಲಿ ಗಾಡಿಯಲ್ಲೇ ರಬ್ಬರಿಗೂ ಆಕ್ಸಲ್‌ಗೂ ನಡುವೆ ಎರಡು ಮೂರು ಬೆರಳಿನ ಜಾಗವಿಲ್ಲ ಅಥವಾ ಭಾರ ಹೆಚ್ಚಿದಾಗ ಮಾತ್ರ ತಾಗಬೇಕಾದ ತಳದ ದಪ್ಪ ಹೆಲ್ಪರ್ ಪ್ಲೇಟು ಆಗಲೇ ತಾಗಿಕೊಂಡಿದೆ ಎಂದಾದರೆ, ನಿಮಗೆ ಗಡಸಾಗಿ ಕಾಣುತ್ತಿರುವುದು ಅಸಲಿಗೆ ಕುಸಿದುಹೋದ ಕಮಾನು. ಕುಸಿದ ಕಮಾನು ಬೇಗ ತಳ ಕಾಣುತ್ತದೆ, ತಳ ಕಂಡಾಗ ಬಡಿಯುತ್ತದೆ.

ಇಷ್ಟಾದ ಮೇಲೂ ವಾಲುವುದು ಉಳಿದರೆ ಸೆಟ್ ಇಳಿಸಲೇಬೇಕು. ಗಾಡಿಯ ಭಾರವನ್ನು ಚಾಸಿಯ ಕೆಳಗಿಟ್ಟ ಸ್ಟ್ಯಾಂಡುಗಳ ಮೇಲೆ ಬಿಡಿ, ಆಕ್ಸಲ್‌ಗೆ ಬೇರೆ ಜಾಕ್ ಕೊಡಿ. ಸೆಟ್ ಕೆಳಗಿಳಿದ ಮೇಲೆ, ಪ್ಲೇಟುಗಳನ್ನು ನಡುವೆ ಒಟ್ಟಿಗೆ ಹಿಡಿದಿರುವ ಸೆಂಟರ್ ಬೋಲ್ಟನ್ನು ಹಾಗೇ ಬಿಚ್ಚಲು ಹೋಗಬೇಡಿ. ಪ್ಲೇಟುಗಳು ಒಂದನ್ನೊಂದು ಒತ್ತಿಕೊಂಡಿರುತ್ತವೆ, ಬೋಲ್ಟು ಬಿಟ್ಟೊಡನೆ ಸಿಡಿದು ಬೆರಳು ತೆಗೆದುಬಿಡುತ್ತವೆ. ಬೋಲ್ಟಿನ ಎರಡೂ ಪಕ್ಕಕ್ಕೆ ಒಂದೊಂದು ದೊಡ್ಡ ಸಿ ಕ್ಲಾಂಪು ಬಿಗಿದು, ಬೋಲ್ಟು ತೆಗೆದ ಮೇಲೆ ಕ್ಲಾಂಪುಗಳನ್ನು ಸರದಿಯಲ್ಲಿ ಸ್ವಲ್ಪ ಸ್ವಲ್ಪ ಸಡಿಲಿಸಿ. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಪ್ಯಾಡಿನ (ಆಕ್ಸಲ್ ಮೇಲೆ ಕಮಾನು ಕೂರುವ ಜಾಗದ) ತೂತಿನಲ್ಲಿ ಕೂತು ಆಕ್ಸಲನ್ನು ಜಾಗದಲ್ಲಿ ಹಿಡಿಯುತ್ತದೆ. ಅದು ತುಂಡಾಗಿದ್ದರೆ ಆಕ್ಸಲ್ ಒಂದು ಕಡೆ ಹಿಂದೆ ಸರಿದು ಗಾಡಿ ಓರೆಯಾಗಿ ಓಡುತ್ತಿರುತ್ತದೆ. ಅದನ್ನು ಈ ಹೊತ್ತಿನಲ್ಲಿ ಹೊಸದು ಹಾಕಿಬಿಡುವುದು ಒಳ್ಳೆಯದು.

ಬಿಚ್ಚುವ ಮುಂಚೆ ಒಂದು ಕೆಲಸ: ಎರಡೂ ಸೆಟ್ಟುಗಳನ್ನು ಪಕ್ಕಪಕ್ಕ ಇಟ್ಟು, ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ದಾರ ಬಿಗಿದು, ನಡುವೆ ದಾರದಿಂದ ಮೇನ್ ಪ್ಲೇಟಿಗೆ (ಕಣ್ಣುಗಳಿರುವ ಪ್ಲೇಟಿಗೆ) ಎಷ್ಟು ಅಂತರ ಎಂದು ಅಳೆಯಿರಿ. ಎಡದ ಕಮಾನು ನಿಜವಾಗಿ ಕುಸಿದಿದ್ದರೆ ಇಲ್ಲಿ ಕಂಡೇ ಕಾಣುತ್ತದೆ. ಆಮೇಲೆ ಪ್ಲೇಟುಗಳನ್ನು ಎಣಿಸಿ, ಒಂದೊಂದರ ದಪ್ಪವನ್ನೂ ಕ್ಯಾಲಿಪರ್ ಹಿಡಿದು ಬರೆದುಕೊಳ್ಳಿ. ಹಿಂದಿನವರು ಎರಡು ಕಡೆ ಒಂದೇ ದಪ್ಪದ್ದು ಹಾಕಿಸಿದ್ದಾರೆಂದು ನಂಬಬೇಡಿ. ಒಂದರಲ್ಲಿ 7, ಇನ್ನೊಂದರಲ್ಲಿ 8 ಇದ್ದರೆ ಆ ಒಂದು ಪ್ಲೇಟಿನ ಗಡಸುತನದಲ್ಲೇ ಸುಮಾರು ಅರ್ಧದಷ್ಟು ಹೆಚ್ಚು. ತಂತಿ ಬ್ರಷ್ಷಿನಲ್ಲಿ ಉಜ್ಜಿ, ಸೆಂಟರ್ ತೂತಿನ ಸುತ್ತ ಮತ್ತು ಕಣ್ಣಿನ ಬುಡದಲ್ಲಿ ಬಿರುಕಿದೆಯೇ ನೋಡಿ. ಬಿರುಕು ಬಿಟ್ಟ ಪ್ಲೇಟಿಗೆ ವೆಲ್ಡಿಂಗ್ ಮಾಡಿಸುವ ಯೋಚನೆ ಬೇಡವೇ ಬೇಡ. ಹದ ಕೊಟ್ಟ ಉಕ್ಕು ಅದು, ಕಾಯಿಸಿದ ಜಾಗದಲ್ಲಿ ಹದ ಹೋಗುತ್ತದೆ, ಅದರ ಪಕ್ಕದಲ್ಲೇ ಮುರಿಯುತ್ತದೆ. ಗ್ಯಾಸ್ ಜ್ವಾಲೆಯಲ್ಲಿ ಕಾಯಿಸಿ ಬಾಗಿಸುವುದೂ ಅಷ್ಟೇ.

ನೀವು ಲೋಡ್ ಮಾಡುವುದು ಅಪರೂಪ ಎಂದಿದ್ದೀರಿ. ಹಾಗಿದ್ದರೆ ಹಿಂದಿನವರು ಸೇರಿಸಿದ ಪ್ಲೇಟನ್ನು ಎರಡೂ ಕಡೆಯಿಂದ ತೆಗೆದು, ಕಂಪನಿಯಿಂದ ಬಂದಾಗ ಇದ್ದ ಸಂಖ್ಯೆಗೆ ತನ್ನಿ. ಅದಕ್ಕಿಂತ ಕಡಿಮೆ ಮಾಡಬೇಡಿ. ಮೆತ್ತಗಾಗಲೆಂದು ಮೂಲ ಪ್ಲೇಟನ್ನೇ ತೆಗೆದರೆ ಉಳಿದವುಗಳ ಮೇಲೆ ಒತ್ತಡ ಹೆಚ್ಚುತ್ತದೆ, ಬ್ರೇಕ್ ಹಿಡಿದಾಗ ಆಕ್ಸಲ್ ತಿರುಚಿಕೊಳ್ಳುತ್ತದೆ. ಕಮಾನು ಕುಸಿದಿದ್ದರೆ ನನ್ನ ಸಲಹೆ ಜೋಡಿ ಹೊಸ ಸೆಟ್. ತಣ್ಣಗಿರುವಾಗಲೇ ಸುತ್ತಿಗೆಯಲ್ಲಿ ಬಡಿದು ಬಾಗಿಸಿಕೊಡುತ್ತಾರೆ, ಆದರೆ ದಣಿದ ಉಕ್ಕು ಮತ್ತೆ ಅದೇ ಜಾಗಕ್ಕೆ ಬಂದು ಕೂರುತ್ತದೆ. ಪ್ಲೇಟುಗಳನ್ನು ಕುಲುಮೆಯಲ್ಲಿ ಕಾಯಿಸಿ, ಬಾಗಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಹದ ಕೊಡುವ ವ್ಯವಸ್ಥೆ ಇರುವ ಕಡೆ ಮಾಡಿಸಿದರೆ ಮಾತ್ರ ಅದು ಕೆಲಸ. ಒಂದೇ ಕಡೆ ಹೊಸದು ಹಾಕಿದರೆ ವಾಲುವ ದಿಕ್ಕು ಬದಲಾಗುತ್ತದೆಯೇ ಹೊರತು ವಾಲುವುದು ನಿಲ್ಲುವುದಿಲ್ಲ.

ಎರಡೂ ಕಡೆ ಒಂದೇ ಸೆಟ್ ಹಾಕಿದ ಮೇಲೂ ಟ್ಯಾಂಕಿನ ಭಾರದಿಂದ ಸ್ವಲ್ಪ ತಗ್ಗು ಉಳಿದು ನಿಮಗೆ ಅದು ಸಹಿಸದಿದ್ದರೆ, ಎಡದ ಕಮಾನಿಗೂ ಆಕ್ಸಲ್ ಪ್ಯಾಡಿಗೂ ನಡುವೆ ಉಕ್ಕಿನ ತೆಳು ಸ್ಪೇಸರ್ ಹಾಕಬಹುದು. ಅದು ಎತ್ತರ ಕೊಡುತ್ತದೆ, ಗಡಸುತನ ಕೊಡುವುದಿಲ್ಲ. ಸೆಂಟರ್ ಬೋಲ್ಟಿಗೆ ಸರಿಯಾದ ತೂತು, ಪಿನ್ನು ಇರುವಂಥದ್ದೇ ಆಗಬೇಕು, ಕಮಾನನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟು ಅದಕ್ಕೆ ತಕ್ಕ ಉದ್ದದ್ದಿರಬೇಕು. ಮರದ ತುಂಡು ಇಟ್ಟವರನ್ನು ಕಂಡಿದ್ದೇನೆ. ಮರ ಕುಗ್ಗಿದೊಡನೆ ಯು ಬೋಲ್ಟು ಸಡಿಲವಾಗುತ್ತದೆ, ಆಮೇಲೆ ಆಕ್ಸಲ್ ಯಾರ ಮಾತೂ ಕೇಳುವುದಿಲ್ಲ.

ಜೋಡಿಸುವಾಗ ಪ್ಲೇಟುಗಳ ನಡುವೆ ಒಣ ಗ್ರಾಫೈಟ್ ಲೇಪನ ಸಾಕು, ತುದಿಗೆ ಹೊಸ ಬಿಲ್ಲೆಗಳನ್ನು ಹಾಕಿ. ಹಳೆ ಎಂಜಿನ್ ಆಯಿಲ್ ಬಳಿಯುವ ರೂಢಿಯನ್ನು ದಯವಿಟ್ಟು ಬಿಡಿ. ಒಂದು ವಾರ ಮೆತ್ತಗಾದಂತೆ ಅನಿಸುತ್ತದೆ ನಿಜ, ಆಮೇಲೆ ಧೂಳು ಹಿಡಿದು ಅದೇ ಉಜ್ಜುವ ಪುಡಿಯಾಗುತ್ತದೆ. ರಬ್ಬರ್ ಬುಷ್ಷನ್ನು ಉಬ್ಬಿಸಿ ಹಾಳು ಮಾಡುತ್ತದೆ, ಬ್ರೇಕ್ ಡ್ರಮ್ಮಿನ ಒಳಗೆ ಇಳಿದರೆ ಅಪಾಯ ಇನ್ನೂ ದೊಡ್ಡದು. ಯು ಬೋಲ್ಟುಗಳನ್ನು ಹೊಸದಾಗಿ ತನ್ನಿ. ಒಮ್ಮೆ ಬಿಗಿದು ಎಳೆದ ಬೋಲ್ಟು ಮತ್ತೆ ಅದೇ ಬಿಗಿತ ಹಿಡಿಯುವುದಿಲ್ಲ. ನಾಲ್ಕು ನಟ್ಟುಗಳನ್ನೂ ಮೂಲೆಯಿಂದ ಮೂಲೆಗೆ, ಹಂತ ಹಂತವಾಗಿ ಬಿಗಿಮಾಡಿ.

ಕೊನೆಯದಾಗಿ ಒಂದನ್ನು ಮರೆಯಬೇಡಿ. ಹಿಂದಿನ ಆಕ್ಸಲ್‌ನಿಂದ ಚಾಸಿಗೆ ಒಂದು ಸಣ್ಣ ಕಡ್ಡಿಯೋ ಸ್ಪ್ರಿಂಗೋ ಹೋಗಿದೆಯೇ ನೋಡಿ. ಹಳೆಯ ಅನೇಕ ಪಿಕಪ್‌ಗಳಲ್ಲಿ ಅದು ಬ್ರೇಕ್ ವಾಲ್ವಿಗೆ ಸೇರಿರುತ್ತದೆ. ಹಿಂಭಾಗ ಎಷ್ಟು ಕುಸಿದಿದೆ ಎಂಬುದರಿಂದ ಲೋಡ್ ಎಷ್ಟಿದೆ ಎಂದು ತಿಳಿದು, ಹಿಂದಿನ ಚಕ್ರಕ್ಕೆ ಎಷ್ಟು ಬ್ರೇಕ್ ಕೊಡಬೇಕೆಂದು ಅದು ನಿರ್ಧರಿಸುತ್ತದೆ. ಎತ್ತರ ಬದಲಾದರೆ ಅದಕ್ಕೆ ಸುಳ್ಳು ಲೆಕ್ಕ ಹೋಗುತ್ತದೆ. ಗಾಡಿ ಎತ್ತರವಾಗಿದ್ದರೆ ಲೋಡ್ ಇದ್ದರೂ ಖಾಲಿ ಎಂದುಕೊಂಡು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ. ಕೆಲಸ ಮುಗಿದ ಮೇಲೆ ಪುಸ್ತಕದ ಪ್ರಕಾರ ಅದನ್ನು ಹೊಂದಿಸಿ, ಹೆಡ್‌ಲೈಟಿನ ದಿಕ್ಕನ್ನೂ ಸರಿಮಾಡಿಸಿ. ನೂರಿನ್ನೂರು ಕಿ.ಮೀ. ಓಡಿಸಿದ ಮೇಲೆ ಯು ಬೋಲ್ಟುಗಳಿಗೆ ಮತ್ತೊಮ್ಮೆ ಟಾರ್ಕ್ ಸ್ಪ್ಯಾನರ್ ಹಾಕಿ, ಅದೇ ನೆಲದ ಮೇಲೆ ನಿಲ್ಲಿಸಿ, ಮೊದಲು ಬರೆದ ಅಳತೆಗಳ ಪಕ್ಕದಲ್ಲೇ ಹೊಸ ಅಳತೆಗಳನ್ನು ಬರೆದಿಡಿ.